ಮುಂದಕ್ಕೆ ನಿಮಿರಿದ ಕಿವಿ

"ಕೆಮ್ಮಬೇಡ, ಕರೀಬೇಡ. ಸುಮ್ಮನೆ ನೋಡು," ಎಂದು ಪಿಸುಗುಟ್ಟಿದ ಪ್ರೊಫೆಸರಮ್ಮ, ವಿಶ್ವವಿದ್ಯಾಲಯದ ಲಾಯದ ಹಿಂಗೋಡೆಯ ಕಿಂಡಿಯಿಂದ ಸರಿದು, ಅಶ್ವವಿಜ್ಞಾನ ಓದುತ್ತಿದ್ದ ಹುಡುಗಿಗೆ ಜಾಗ ಬಿಟ್ಟರು. ಒಳಗಿದ್ದದ್ದು ವಿದ್ಯಾರ್ಥಿಗಳೆಲ್ಲ 'ಅಜ್ಜಿ' ಎಂದು ಕರೆಯುವ ಮುದಿ ಹೆಣ್ಣುಕುದುರೆ. ಗೊರಸಿನ ನೋವು ಇಳಿಯದಿದ್ದರೆ ಇವತ್ತೇ ಚುಚ್ಚುಮದ್ದು ಕೊಟ್ಟು ಅದರ ಪ್ರಾಣ ಬಿಡಿಸುವುದು ಒಳ್ಳೆಯದೆಂದು ಪಶುವೈದ್ಯರು ಹೇಳಿದ್ದರು. "ಅಜ್ಜಿಗೆ ಅಷ್ಟೇನೂ ನೋವಿಲ್ಲ ಮೇಡಂ, ದಿನಾ ಪಕ್ಕದಲ್ಲೇ ನಿಂತು ಅವಳ ಮುಖ ನೋಡೋಳು ನಾನು," ಎಂದು ಹುಡುಗಿ ಬೆಳಗಿನಿಂದ ಪಟ್ಟು ಹಿಡಿದಿದ್ದಳು.

ಈಗ ಅಜ್ಜಿ ತಲೆ ಇಳಿಬಿಟ್ಟು ನಿಂತಿತ್ತು. ಕಿವಿಗಳು ಜೋತಿದ್ದವು, ದವಡೆ ಬಿಗಿದಿತ್ತು. ಕಾಲಡಿಯಲ್ಲಿ ಕೆಂಡವಿದೆಯೋ ಎಂಬಂತೆ ಮುಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ಇಳಿಸುತ್ತಿತ್ತು.

"ಈಗ ಒಳಗೆ ಹೋಗಮ್ಮ," ಎಂದರು ಪ್ರೊಫೆಸರಮ್ಮ. ಚಿಲಕದ ಸದ್ದಾಗುತ್ತಲೇ ಅಜ್ಜಿಯ ತಲೆ ಮೇಲೆದ್ದಿತು. ಕಿವಿಗಳೆರಡೂ ಮುಂದಕ್ಕೆ ನಿಮಿರಿದವು, ಕಾಲುಗಳು ನೆಲಕ್ಕೆ ನೆಟ್ಟಂತೆ ನಿಂತವು. ಬೆಚ್ಚಗಿನ ಮೂತಿ ಹುಡುಗಿಯ ಅಂಗೈ ಹುಡುಕಿಕೊಂಡು ಬಂತು.

"ನಾನಿದ್ದಾಗೆಲ್ಲ ಹೀಗೇ ತಡ್ಕೊಂಡು ನಿಂತಿದ್ಲಾ ಮೇಡಂ?"

"ಯಾರೇ ಬಂದ್ರೂ ಕುದುರೆ ನೋವನ್ನ ಮುಚ್ಚಿಡುತ್ತೆ ಮಗಳೇ, ಅದರ ಸ್ವಭಾವ. ನೀನು ಬಂದ್ರೆ ಇನ್ನೂ ಸ್ವಲ್ಪ ಜಾಸ್ತಿ," ಎಂದರು ಅವರು ಮೆಲ್ಲಗೆ.

ಹುಡುಗಿ ಮೂತಿಯನ್ನೊಮ್ಮೆ ನೇವರಿಸಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬಂದು ಬಾಗಿಲು ಹಾಕಿದಳು.

"ಡಾಕ್ಟರನ್ನ ಕರೀರಿ ಮೇಡಂ. ಅವರು ಬರೋವರೆಗೆ ನಾನು ಹೊರಗೇ ಇರ್ತೀನಿ. ನಾನು ಒಳಗಿದ್ರೆ ಪಾಪ, ನೋವು ಹಗುರ ಮಾಡ್ಕೊಳ್ಳೋಕೆ ಅವಳು ಕಾಲೂ ಎತ್ತಲ್ಲ."