ಹೋಗಿ ಬರ್ತೀನಿ

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಗಂಡ ಅವಳ ಕೈ ಅದುಮಿ, "ಹೋಗಿ ಬರ್ತೀನಿ" ಎಂದಿದ್ದ. ಬರಲಿಲ್ಲ.

ಹನ್ನೊಂದು ದಿನವಾದರೂ ಅವಳು ಅತ್ತಿರಲಿಲ್ಲ. ಸಂತೈಸಲು ಬಂದವರ ಮೇಲೆಲ್ಲ ಹರಿಹಾಯುತ್ತಿದ್ದಳು. ಗಂಡನ ಆಫೀಸಿನವಳೊಬ್ಬಳು ಬಂದು ಪಕ್ಕದಲ್ಲಿ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ.

"ಹಾರ ಹಾಕಿರೋ ಆ ಫೋಟೋನ ಒಡೆದು ಹಾಕ್ಬೇಕು ಅನ್ಸತ್ತೆ. ಉಳಿಯೋದು ಕಷ್ಟ ಅಂತ ಡಾಕ್ಟ್ರು ಮೊದಲೇ ಹೇಳಿದ್ರಂತೆ. ಗೊತ್ತಿದ್ದೂ ನನ್ನ ಹತ್ರ ಹೋಗಿ ಬರ್ತೀನಿ ಅಂದ್ರು. ಇಪ್ಪತ್ತು ವರ್ಷ ಜೊತೆಗಿದ್ದೋಳಿಗೆ ಕೊನೇ ಮಾತೂ ಸುಳ್ಳು."

ಬಂದವಳು ಕಣ್ಣೊರೆಸಿಕೊಂಡು ಅವಳ ಬೆನ್ನು ಸವರಿದಳು.

"ಹಾಗನ್ಬೇಡಿ ಅಕ್ಕಾ. ಅವರಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಹಿಂದಿನ ದಿನ ನಮ್ಮನೆಯಿಂದ ಹೊರಡುವಾಗ ನನಗೆ 'ಹೋಗ್ತೀನಿ' ಅಂತಲೇ ಹೇಳಿದ್ರು."