ಆರಾದ ಮೇಲೆ

“ಐದು,” ಎಂದರು ಮುನಿಸ್ವಾಮಪ್ಪ. ಸ್ವಲ್ಪ ತಡೆದು, “ಆರು.”

ಆಮೇಲೆ ದನಿಯಿಲ್ಲ. ಟ್ರಾನ್ಸ್‌ಫಾರ್ಮರಿನ ಗುಂಯ್ ಎಂಬ ಸದ್ದು ಮಾತ್ರ ಏರುತ್ತ ಹೋಯಿತು. ಎಂಜಿನಿಯರ್ ಕುಪ್ಪುಸ್ವಾಮಿ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮರದ ಕೋಲೊಂದನ್ನು ತಗಡಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟಿದ್ದ. ಒಳಗೆ ಸುರುಳಿ ಸಡಿಲವಾಗಿದ್ದರೆ ಕೋಲಿನಲ್ಲಿ ಕೇಳಿಸುತ್ತದೆ. ಅಲ್ಲಿಂದ ಮೀಟರು ಕಾಣುವುದಿಲ್ಲ; ಮುಳ್ಳು ನೋಡಿ ಕೂಗುವುದು ಮುನಿಸ್ವಾಮಪ್ಪನವರ ಪಾಲು.

“ಎಂಟು.”

“ನಿಲ್ಲಿಸಿ!”

ಮುನಿಸ್ವಾಮಪ್ಪ ಸ್ವಿಚ್ಚು ಎಳೆದು, ನಡೆದು ಬಂದು, ಕುಪ್ಪುಸ್ವಾಮಿಯ ಭುಜ ಮುಟ್ಟಿದರು. ಮುಟ್ಟುವ ತನಕ ಕದಲಕೂಡದು ಎಂಬುದು ಅವರದೇ ಕಟ್ಟಳೆ. ಪರೀಕ್ಷೆಯ ಬರಿ ತಂತಿಗಳು ಕೂತವನ ತಲೆಯ ಮೇಲೆಯೇ ಹಾದಿದ್ದವು.

“ಆರಾದ ಮೇಲೆ ಎಂಟಾ? ನಡುವಿನದನ್ನು ಯಾರು ನುಂಗಿದರು?”

“ಮುಳ್ಳು ಬಿರನೆ ಓಯ್ತು ಸಾ.”

ವೋಲ್ಟೇಜಿನ ಹಿಡಿ ತಿರುಗಿಸುತ್ತಿದ್ದ ಚಿಕ್ಕವೆಂಕಟಪ್ಪ ನಕ್ಕುಬಿಟ್ಟ. “ಅದೆಂಗೋಯ್ತದೆ ಮಾವ? ಬಸುರಿ ಎಮ್ಮೆ ನಡೆಸ್ದಂಗೆ ತಿರುಗಿಸ್ತಾ ಇವ್ನಿ.” ಅಂದವನು ಮುದುಕರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಕುಪ್ಪುಸ್ವಾಮಿಗೆ ಬೇಕಾಗಿದ್ದುದು ಆ ಒಂದು ಗೆರೆಯೇ. ಟ್ರಾನ್ಸ್‌ಫಾರ್ಮರಿನ ಒಂದು ಕಡೆಯ ತುದಿಗಳನ್ನು ತಾಮ್ರದ ಪಟ್ಟಿಯಿಂದ ಒಂದಾಗಿ ಕಟ್ಟಿ, ಇನ್ನೊಂದು ಕಡೆಯಿಂದ ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಬೇಕು. ಪೂರ್ತಿ ಹೊರೆಯ ಕರೆಂಟು ಹರಿಯುವ ಹೊತ್ತಿಗೆ ಎಷ್ಟು ವೋಲ್ಟು ಹಿಡಿಯಿತೋ, ಅದರಿಂದ ಇಂಪೀಡೆನ್ಸಿನ, ಅಂದರೆ ಸುರುಳಿ ಒಡ್ಡುವ ತಡೆಯ, ಲೆಕ್ಕ. ಇದರ ಪೂರ್ತಿ ಕರೆಂಟು ಬೀಳುವುದು ಆರರ ಮುಂದಿನ ಗೆರೆಯಲ್ಲಿ. ಬೇತಮಂಗಲದ ಪಂಪ್‌ಹೌಸಿನಲ್ಲಿ ಇದರ ಜೋಡಿ ಕಾದಿತ್ತು. ಎರಡರ ಇಂಪೀಡೆನ್ಸು ಹೊಂದದಿದ್ದರೆ ಒಂದು ಮೈಗಳ್ಳತನ ಮಾಡುತ್ತದೆ, ಇನ್ನೊಂದು ಹೊರಲಾರದ್ದನ್ನು ಹೊತ್ತು ಸುಡುತ್ತದೆ. ಊರಿಗಾಂನ ಗಣಿ ಕೂಲಿಗಳ ಲೈನುಮನೆಗಳಲ್ಲಿ ನೀರಿಲ್ಲದೆ ಕೊಡಗಳು ಒಣಗುತ್ತವೆ.

ಸುರುಳಿ ಹೊಸದಾಗಿ ಸುತ್ತಿದವರು ಮುನಿಸ್ವಾಮಪ್ಪ. ಕಾರ್ತಿಕದಲ್ಲಿ ಮಗ ಕೋದಂಡ ತೀರಿಕೊಂಡ ಮೇಲೆ ಅವರು ಕೈ ಹಚ್ಚಿದ ಮೊದಲ ಕೆಲಸ. ಈ ರಿಪೇರಿ ಶೆಡ್ಡಿಗೆ ಹೊಸದಾಗಿ ಬಂದಿದ್ದ ಕುಪ್ಪುಸ್ವಾಮಿಗೆ ತಿಳಿದಿದ್ದು ಅಷ್ಟೇ. ಸಂಕಟದಲ್ಲಿ ಕೈ ನಡುಗಿರಬೇಕು. ಸುತ್ತು ಸಡಿಲವಾಗಿ, ಆ ಗೆರೆಯ ಹತ್ತಿರ ಮುಳ್ಳು ಒದ್ದಾಡುತ್ತಿರಬೇಕು. ಮುದುಕರು ಮುಚ್ಚಿಡುತ್ತಿದ್ದಾರೆ. ಹೊರಗೆ ಲಾರಿಯವನು ಆಗಲೇ ಹಾರನ್ನು ಒತ್ತುತ್ತಿದ್ದ.

“ಪೆರಿಯವರೇ, ಇನ್ನೊಂದು ಸಲ ನೋಡೋಣ. ಮುಳ್ಳು ಎಲ್ಲಿದೆಯೋ ಅದನ್ನೇ ಕೂಗಬೇಕು. ಈ ಸಲವೂ ಬಾಯಿ ಕಟ್ಟಿದರೆ ನಾಳೆಯಿಂದ ಶೆಡ್ಡಿಗೆ ಬರಬೇಡಿ.”

ಮುನಿಸ್ವಾಮಪ್ಪ ಹೆಗಲ ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡರು. “ಒಂದು ಕೆಲ್ಸ ಮಾಡಿ ಸಾ. ನೀವು ಮೀಟರ್ ತಾವ ನಿಂತ್ಕಳಿ. ಅಲ್ಲಿ ನಾನು ಕೂತ್ಕತೀನಿ.”

“ಚೆನ್ನಾಗಿದೆ! ನೀವು ಹೆತ್ತ ಕೂಸಿಗೆ ನೀವೇ ಜಾತಕ ಬರೀತೀರಾ?”

ಮುದುಕರ ಮುಖ ಇದ್ದಕ್ಕಿದ್ದಂತೆ ಬೂದಿಯಾಯಿತು. ಬಂಗಾರು ತಿರುಪತಿಯ ದಿಕ್ಕಿಗೆ ತಿರುಗಿ ಕೈ ಮುಗಿದು, ತುಟಿಯಲ್ಲೇ ಏನೋ ಬೇಡಿಕೊಂಡು ಸ್ವಿಚ್ಚು ಒತ್ತಿದರು.

ಕುಪ್ಪುಸ್ವಾಮಿ ಮತ್ತೆ ಕೋಲಿಗೆ ಕಿವಿ ಕೊಟ್ಟ.

“ಐದು.”

ಸದ್ದು ದಪ್ಪವಾಯಿತು. ಎಲ್ಲೂ ಗಲಗಲ ಇಲ್ಲ. ಮಂಡಿ ಜೋಮು ಹಿಡಿಯಿತು.

“ಆರು.”

ಕುಪ್ಪುಸ್ವಾಮಿ ಕೋಲನ್ನು ಇನ್ನಷ್ಟು ಒತ್ತಿದ.

“ಕೂಗಿ, ಪೆರಿಯವರೇ!”

ಗುಂಯ್ ಇನ್ನೂ ಏರಿತು.

“ಕೂಗಿ ಅಂದೆ!”

ಗುಂಯ್ ಎಂಬುದು ಫಕ್ಕನೆ ಸತ್ತಿತು. ಭುಜದ ಮೇಲೆ ಕೈ ಬಿತ್ತು.

“ನನ್ನ ಕೈಲಾಗಾಕಿಲ್ಲ ಸಾ. ನಾಳೆಯಿಂದ ಬರಾಕಿಲ್ಲ, ಬುಡಿ.”

ಮುದುಕರು ಗೂಟದಿಂದ ಬುತ್ತಿಯ ಚೀಲ ತೆಗೆದುಕೊಂಡು, ಬಾಗಿಲ ಬೆಳಕಿನಲ್ಲಿ ಕ್ಷಣ ನಿಂತು, ಹೊರಟೇಹೋದರು. ಮೂವತ್ತು ವರ್ಷ ದುಡಿದ ಶೆಡ್ಡಿನತ್ತ ತಿರುಗಿ ಕೂಡ ನೋಡಲಿಲ್ಲ.

ಕುಪ್ಪುಸ್ವಾಮಿ ಸಿಟ್ಟಿನಿಂದ ಮೀಟರಿನ ಮುಂದೆ ಬಂದು ನಿಂತು ಸ್ವಿಚ್ಚು ಒತ್ತಿದ. “ತಿರುಗಿಸು, ಚಿಕ್ಕವೆಂಕಟಪ್ಪ. ಕಳ್ಳತನ ಎಲ್ಲಿದೆ ನೋಡೋಣ.”

ಮುಳ್ಳು ಐದು ದಾಟಿತು, ಆರು ದಾಟಿತು. ಮುಂದಿನ ಗೆರೆಯ ಮೇಲೆ ಒಂದಿಷ್ಟೂ ಅಲುಗದೆ ನಿಂತಿತು. ವೋಲ್ಟು ಮುನ್ನೂರಕ್ಕೆ ಚೂರು ಕಡಿಮೆ. ಪೂರ್ತಿ ವೋಲ್ಟೇಜಾದ ಆರು ಸಾವಿರದ ಆರುನೂರರಲ್ಲಿ ಅದೆಷ್ಟು? ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಭಾಗಿಸಿದ. ನೂರಕ್ಕೆ ನಾಲ್ಕೂವರೆ. ಟ್ರಾನ್ಸ್‌ಫಾರ್ಮರಿನ ತಗಡಿನ ಮೇಲೆ ಕಂಪನಿ ಕೆತ್ತಿದ್ದೂ ನಾಲ್ಕೂವರೆಯೇ. ನಂಬದೆ ಮತ್ತೊಮ್ಮೆ ಏರಿಸಿದ, ಇಳಿಸಿದ. ಸುರುಳಿ ದೇವರು ಸುತ್ತಿದ ಹಾಗಿತ್ತು.

ಮುಚ್ಚಿಡಲು ಏನೂ ಇರಲಿಲ್ಲ. ಅದೇ ಅವನನ್ನು ಇನ್ನಷ್ಟು ಕೆಣಕಿತು.

“ಇಷ್ಟು ಚೆನ್ನಾಗಿ ಸುತ್ತಿದ ಮನುಷ್ಯ! ಒಂದು ಅಂಕಿ ಬಾಯಿಂದ ಬರಲಿಲ್ಲವಲ್ಲ, ಯಾಕಯ್ಯ? ಅದಕ್ಕೋಸ್ಕರ ಕೆಲಸವನ್ನೇ ಬಿಟ್ಟು ಹೋಗ್ತಾರಾ?”

ಚಿಕ್ಕವೆಂಕಟಪ್ಪ ಹಿಡಿಯಿಂದ ಕೈ ತೆಗೆದ. ಮುದುಕರು ಹೋದ ಬಾಗಿಲ ಕಡೆ ನೋಡಿದ.

“ಅವತ್ತು ನೀವು ಕೂತಿದ್ದ ತಾವೇ ಕೋದಂಡ ಕೂತಿದ್ದ ಸಾ. ಮುಳ್ಳು ನೋಡಿ ಅಪ್ಪ ‘ಏಳು’ ಅಂದ್ರು. ಮಗ ಎದ್ದ.”