ತಂತಿಯ ತುದಿ

ಪೊದೆಯೊಳಗೆ ಉರುಳು ಕಂಡಾಗ ಅವಳಿಗೆ ಮೊದಲು ಆದದ್ದು ಖುಷಿ. ರಜೆಯ ದಿನವೆಲ್ಲ ಸ್ವಯಂಸೇವಕಿಯಾಗಿ ಅಭಯಾರಣ್ಯ ಸುತ್ತಿ, ಮೈಕೈ ತರಚಿಕೊಂಡು, ಬರಿಗೈಯಲ್ಲಿ ಮನೆಗೆ ಹೋಗುವುದೇ ತನ್ನ ಹಣೆಬರಹ ಅಂದುಕೊಂಡಿದ್ದಳು. ಮಂಡಿಯೂರಿ ತಂತಿಯನ್ನು ಕತ್ತರಿಸಿದಳು. ಆಮೇಲೆ ಅದರ ತುದಿ ನೋಡಿದಳು.

ಬೈಕಿನ ಬ್ರೇಕ್ ತಂತಿ. ತುದಿಯನ್ನು ಒಳಕ್ಕೆ ಮಡಚಿ, ಮೇಲೆ ಕೆಂಪು ಟೇಪು ಸುತ್ತಿ, ಟೇಪಿನ ಕೊನೆಯನ್ನು ಪುಟ್ಟ ಕಿವಿಯಂತೆ ಬಿಡಲಾಗಿತ್ತು. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಯ ತುದಿಯೂ ಥೇಟ್ ಹೀಗೆಯೇ. ಅದು ಮಗಳ ಕೈಗೆ ಚುಚ್ಚಿದ ದಿನ ಗಂಡ ಗ್ಯಾರೇಜಿನಿಂದ ಬಂದವನೇ, ಊಟಕ್ಕೂ ಕೂರದೆ ಸುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಅವಳ ತಾಯಿ ಹೊಗಳಿದ್ದೇ ಹೊಗಳಿದ್ದು.



"ಏನಕ್ಕ, ಹಂಗೇ ಕೂತ್ಬಿಟ್ರಿ?" ಜೊತೆಗೆ ಬಂದಿದ್ದ ಫಾರೆಸ್ಟ್ ಗಾರ್ಡ್ ಹಿಂದಿನಿಂದ ಕೇಳಿದ.

"ಏನಿಲ್ಲಪ್ಪ. ಹಸಿವು."

ಅವನು ತಂತಿ ತಗೊಂಡು ನೋಡಿದ. "ಆ ಕಳ್ಳ ಬೇಟೆಗಾರನದ್ದೇ. ನೀವು ಬಾಟ್ಲಿಲಿ ಹಾಲು ಕುಡಿಸಿ ಬೆಳೆಸಿದ ಜಿಂಕೆ ಸತ್ತಿತ್ತಲ್ಲ, ಅದರ ಕುತ್ತಿಗೇಲೂ ಇಂಥದ್ದೇ ಇತ್ತು. ನಾವು ಕೆರೆ ಕಡೆ ಹೋದ್ರೆ ಅವನು ಗುಡ್ಡದ ಕಡೆ ಕಟ್ತಾನೆ, ಗುಡ್ಡ ಹತ್ತಿದ್ರೆ ಕೆರೆ ಕಡೆ. ಇವತ್ತು ಕಡೇ ಗಳಿಗೇಲಿ ದಾರಿ ಬದಲಾಯಿಸಿದ್ದಕ್ಕೆ ಸಿಕ್ತು. ನಮ್ಮೋರೇ ಯಾರೋ ಬಾಯಿ ಬಿಡ್ತಿದ್ದಾರೆ." ದನಿ ತಗ್ಗಿಸಿದ. "ಬರೋ ವಾರ ಗುಡ್ಡದ ಕಡೆ ಅಡಗಿ ಕೂತು ಕಾಯ್ತೀವಿ. ನಿಮ್ಮಲ್ಲೇ ಇರ್ಲಿ."

ಮನೆಗೆ ಬಂದು ಒಗೆದ ಅಂಗಿಯನ್ನು ಒಣಹಾಕುವಾಗ ಗಂಡ ಅವಳಿಗೆಂದು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಗಳು ಅವನ ಕಾಲಿಗೆ ಜೋತುಬಿದ್ದಿದ್ದಳು.

"ಏನಾದ್ರೂ ಸಿಕ್ತಾ?"

"ಇಲ್ಲ ರೀ."

"ಪಾಪ, ಎಷ್ಟು ಓಡಾಡ್ತೀಯ. ಬರೋ ವಾರ ಯಾವ ಕಡೆ?"

ಪ್ರತಿ ವಾರವೂ ಕೇಳುತ್ತಿದ್ದ. ತನ್ನ ಕೆಲಸದ ಮೇಲೆ ಇವನಿಗೆಷ್ಟು ಅಕ್ಕರೆ ಎಂದು ಉಬ್ಬಿಹೋಗಿ ಪ್ರತಿ ವಾರವೂ ಹೇಳುತ್ತಿದ್ದಳು, ಪೆದ್ದಿ. ಈಗ ಅಂಗಿಯನ್ನು ಇನ್ನೊಮ್ಮೆ ಹಿಂಡಿದಳು. ಗುಡ್ಡ ಎಂದರೆ ಇವನು ಉಳಿಯುತ್ತಾನೆ. ಕೆರೆ ಎಂದರೆ ಗುಡ್ಡಕ್ಕೆ ಹೋಗಿ ಸಿಕ್ಕಿಬೀಳುತ್ತಾನೆ. ಮಗಳು ಅಪ್ಪನ ಮುಖ ನೋಡಿ ನಗುತ್ತಿದ್ದಳು.

"ಕೆರೆ ಕಡೆ," ಎಂದಳು.

ಅವನು ತಲೆಯಾಡಿಸಿ, ಚಹಾವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಅವಳು ಬಟ್ಟೆ ತಂತಿಯ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ಒತ್ತಿದರೂ ಅದು ಚುಚ್ಚಲಿಲ್ಲ.